ಕಂಡು ಬಂದವನಿಗೆ ಯಾವ ಪದಕ?

1914ರ ಆಗಸ್ಟ್ 19ರ ಬೆಳಿಗ್ಗೆ ಫ್ರಾನ್ಸಿನ ಮೊಬೋಜ್ ಊರಿನ ಬಯಲಿನಿಂದ ಎರಡು ವಿಮಾನಗಳು ಮೇಲೆದ್ದವು. ಒಂದರಲ್ಲಿ ಕ್ಯಾಪ್ಟನ್ ಫಿಲಿಪ್ ಜುಬೇರ್, ಇನ್ನೊಂದರಲ್ಲಿ ಲೆಫ್ಟಿನೆಂಟ್ ಗಿಲ್ಬರ್ಟ್ ಮ್ಯಾಪಲ್‌ಬೆಕ್. ಮೊದಲ ಮಹಾಯುದ್ಧದಲ್ಲಿ ಶತ್ರು ಎಲ್ಲಿದ್ದಾನೆಂದು ನೋಡಿಬರಲು ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಕಳಿಸಿದ ಮೊಟ್ಟಮೊದಲ ಇಬ್ಬರು ಇವರು. ಇಬ್ಬರೂ ದಾರಿ ತಪ್ಪಿದರು. ಮ್ಯಾಪಲ್‌ಬೆಕ್ ಒಂದು ದೊಡ್ಡ ನಗರದ ಮೇಲೆ ಹಾರಿದ. ಅದು ಬ್ರಸೆಲ್ಸ್ ಎಂದು ಅವನಿಗೆ ಗೊತ್ತಾಗಲಿಲ್ಲ. ಜುಬೇರ್ ದಾರಿ ಕೇಳುವುದಕ್ಕೆಂದು ಬೆಲ್ಜಿಯಂನ ಊರುಗಳಲ್ಲಿ ಇಳಿದ. ಕೂರ್ತ್ರೆಯಲ್ಲಿ ಪೊಲೀಸರು ಆತನನ್ನೇ ಅನುಮಾನದಿಂದ ಹಿಡಿದುಕೊಂಡರು. ಅಲ್ಲಿ ಲಿನನ್ ಬಟ್ಟೆಯ ವ್ಯವಹಾರ ಮಾಡಿಕೊಂಡಿದ್ದ ಬೆಲ್‌ಫಾಸ್ಟಿನವನೊಬ್ಬ ಬಂದು, ಈತ ನಮ್ಮವನೇ ಎಂದು ಹೇಳಿದ ಮೇಲೆ ಬಿಡುಗಡೆಯಾಯಿತು.

ಹೀಗೆ ಆರಂಭವಾದ ಕೆಲಸ ಮೂರೇ ವಾರಗಳಲ್ಲಿ ಯುದ್ಧದ ದಿಕ್ಕಿನ ಮೇಲೆ ಪ್ರಭಾವ ಬೀರಿತು. ದಾರಿ ತಪ್ಪಿದ ಮ್ಯಾಪಲ್‌ಬೆಕ್ ಮುಂದೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ ಪಡೆದ. ಆದರೂ ಈ ಬಗೆಯ ಚಾಲಕರಿಗೆ ಶೌರ್ಯ ಪದಕ ಕೊಡುವುದು ಹೇಗೆ ಎಂಬ ಪ್ರಶ್ನೆ ಯಾವ ಸೇನೆಗೂ ಸುಲಭವಾಗಿ ಬಗೆಹರಿಯಲಿಲ್ಲ. ಪದಕ ಕೊಡುವುದೆಂದರೆ ಒಂದು ರೀತಿಯಲ್ಲಿ ಖಾತೆ ಬರೆಯುವುದು. ಯಾರು, ಎಲ್ಲಿ, ಏನು ಮಾಡಿದರು, ಅದನ್ನು ಕಂಡವರು ಯಾರು, ಅದರಿಂದ ಏನು ದಕ್ಕಿತು ಎಂಬುದೆಲ್ಲ ಕಾಗದದ ಮೇಲೆ ಬರಬೇಕು. ಶತ್ರುವಿನ ವಿಮಾನ ಬಿದ್ದರೆ ಅವಶೇಷ ಸಿಗುತ್ತದೆ, ಎಣಿಸಬಹುದು. ಸೇತುವೆ ಮುರಿದರೆ ಅದೂ ಕಾಣುತ್ತದೆ. ಆದರೆ ನೋಡಿಬಂದವನು ತರುವುದು ಪೆನ್ಸಿಲಿನಲ್ಲಿ ಗೀಚಿದ ನಾಲ್ಕು ಸಾಲು. ಆ ಸಾಲುಗಳ ಫಲ ಜಮೆಯಾಗುವುದು ಬೇರೆಯವರ ಖಾತೆಗೆ.

ಹೀಗೆ ನೋಡಿಬರುವ ಕೆಲಸವನ್ನು ಇಲ್ಲಿ ಬೇಹು ಎಂದು ಕರೆಯುತ್ತೇನೆ. ಆ ಪದದ ಬಗ್ಗೆ ಒಂದು ಮಾತು. ಬೇಹು ಎಂದೊಡನೆ ನಮಗೆ ವೇಷ ಮರೆಸಿಕೊಂಡ ಗೂಢಚಾರ ನೆನಪಾಗುತ್ತಾನೆ. ಇಲ್ಲಿಯ ಬೇಹು ಅದಲ್ಲ. ಈ ಚಾಲಕರು ಸಮವಸ್ತ್ರದಲ್ಲೇ, ಹಾಡಹಗಲೇ, ಎಲ್ಲರಿಗೂ ಕಾಣುವಂತೆ ಹೋಗುತ್ತಿದ್ದವರು. ಸಿಕ್ಕಿಬಿದ್ದರೆ ಯುದ್ಧಕೈದಿಗಳಾಗುತ್ತಿದ್ದರು. ಹಿಂದೆ ಇದೇ ಕೆಲಸವನ್ನು ಕುದುರೆ ಸವಾರರು ಮಾಡುತ್ತಿದ್ದರು. 1911ರ ಅಕ್ಟೋಬರ್ 23ರಂದು ಇಟಲಿಯ ಕ್ಯಾಪ್ಟನ್ ಕಾರ್ಲೋ ಪಿಯಾಜಾ ಟ್ರಿಪೋಲಿಯಿಂದ ಬ್ಲೇರಿಯೋ ವಿಮಾನದಲ್ಲಿ ಹಾರಿ ತುರ್ಕಿ ಪಡೆಗಳನ್ನು ನೋಡಿಬಂದಾಗ, ಯುದ್ಧದಲ್ಲಿ ಈ ಕೆಲಸ ಮೊದಲ ಬಾರಿ ವಿಮಾನದ ಪಾಲಿಗೆ ಬಂತು.

ಮೇಲಿನಿಂದ ನೋಡುವುದು

1914ರ ವಿಮಾನವೆಂದರೆ ಮರದ ಚೌಕಟ್ಟು, ಮೇಲೆ ಬಿಗಿದ ಬಟ್ಟೆ, ನಡುವೆ ತಂತಿಗಳ ಬಲೆ. ವೇಗ ಗಂಟೆಗೆ ಸುಮಾರು 110 ಕಿಲೋಮೀಟರ್, ಎದುರುಗಾಳಿಯಿದ್ದರೆ ಅದರಲ್ಲೂ ಕಡಿತ. ಇಬ್ಬರು ಕೂರುವ ವಿಮಾನವಾದರೆ ಒಬ್ಬ ನಡೆಸುತ್ತಾನೆ, ಇನ್ನೊಬ್ಬ ವೀಕ್ಷಕ. ಆತನ ಮೊಣಕಾಲಿನ ಮೇಲೆ ನಕ್ಷೆ, ಕೈಯಲ್ಲಿ ಪೆನ್ಸಿಲ್. ರಸ್ತೆಯ ಮೇಲೆ ಸೈನ್ಯದ ಸಾಲು ಎಷ್ಟು ಉದ್ದವಿದೆ ಎಂದು ಅಂದಾಜು ಮಾಡಿ ಅದರಿಂದ ತಲೆಗಳ ಲೆಕ್ಕ ಹಾಕಬೇಕು. ಫಿರಂಗಿಗಳು ಸಾಲಿನ ಮುಂದಿವೆಯೋ ಹಿಂದಿವೆಯೋ, ಬಂಡಿಗಳು ಯಾವ ಕಡೆಗೆ ಮುಖ ಮಾಡಿವೆ, ಕಾಡಿನ ಅಂಚಿನಲ್ಲಿ ಹೊಗೆ ಏಳುತ್ತಿದೆಯೋ ಇಲ್ಲವೋ ಎಂಬುದೆಲ್ಲ ಬರೆದುಕೊಳ್ಳಬೇಕು. ಕಾಣದ್ದನ್ನು ಕಂಡೆನೆಂದು ಬರೆಯದಿರುವುದಕ್ಕೂ ಧೈರ್ಯ ಬೇಕೆಂದು ನನಗನಿಸುತ್ತದೆ. ಸೇನಾಧಿಕಾರಿ ಕೇಳಬಯಸುವ ಸುದ್ದಿಯನ್ನು ಕೊಡದೆ, ಮೋಡ ಕವಿದಿತ್ತು, ಏನೂ ಕಾಣಲಿಲ್ಲ ಎಂದು ಬರೆದು ಕೊಡುವುದು ಸಣ್ಣ ಮಾತಲ್ಲ. ಅದಕ್ಕೆ ಮಾತ್ರ ಯಾವ ದೇಶವೂ ಪದಕ ಮಾಡಿಸಿಲ್ಲ.

ಕೆಳಗಿನಿಂದ ಗುಂಡು ಹಾರುತ್ತಿತ್ತು, ಅದೂ ಎರಡೂ ಕಡೆಯವರಿಂದ. ವಿಮಾನ ಎಂಬುದನ್ನೇ ಹೊಸದಾಗಿ ನೋಡುತ್ತಿದ್ದ ಸೈನಿಕರಿಗೆ ತಮ್ಮದು ಯಾವುದು, ಶತ್ರುವಿನದು ಯಾವುದು ಎಂಬ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬ್ರಿಟಿಷರು ರೆಕ್ಕೆಯಡಿ ಯೂನಿಯನ್ ಜ್ಯಾಕ್ ಬರೆಸಿ ನೋಡಿದರು. ದೂರದಿಂದ ಅದರ ಶಿಲುಬೆಯೊಂದೇ ಎದ್ದು ಕಂಡು ಜರ್ಮನರ ಗುರುತಿನಂತೆಯೇ ತೋರಿತು. ಫ್ರೆಂಚರ ಮಾದರಿಯ ಬಣ್ಣದ ವೃತ್ತಗಳು ಬಂದದ್ದು ಆಮೇಲೆ. ಬ್ರಿಟಿಷ್ ದಂಡನಾಯಕ ಸರ್ ಜಾನ್ ಫ್ರೆಂಚ್ ಸೆಪ್ಟೆಂಬರ್ 7ರ ತನ್ನ ವರದಿಯಲ್ಲಿ ಈ ಚಾಲಕರನ್ನು ಬಾಯ್ತುಂಬ ಹೊಗಳಿ, ಮಿತ್ರರೂ ಶತ್ರುಗಳೂ ಇವರ ಮೇಲೆ ಸತತವಾಗಿ ಗುಂಡು ಹಾರಿಸುತ್ತಿದ್ದರೆಂಬುದನ್ನು ಮರೆಯದೆ ಬರೆದಿದ್ದಾನೆ.

ಆ ಹೊಗಳಿಕೆಗೆ ಕಾರಣವಿತ್ತು. ಆಗಸ್ಟ್ 22ರಂದು, ಅಂದರೆ ಬೆಲ್ಜಿಯಂನ ಮಾನ್ಸ್ ಕದನದ ಹಿಂದಿನ ದಿನ, ಜರ್ಮನ್ ಪಡೆಯೊಂದು ಬ್ರಸೆಲ್ಸ್ ಕಡೆಯಿಂದ ಪಶ್ಚಿಮಕ್ಕೆ ಸುತ್ತು ಹಾಕುತ್ತಿರುವುದನ್ನು ವಿಮಾನದವರು ಕಂಡರು. ಸುದ್ದಿ ಎಷ್ಟು ಮುಖ್ಯವೆಂದರೆ ಫ್ಲೈಯಿಂಗ್ ಕೋರ್‌ನ ಮುಖ್ಯಸ್ಥ ಡೇವಿಡ್ ಹೆಂಡರ್ಸನ್ ಅದನ್ನು ತಾನೇ ಪ್ರಧಾನ ಕಚೇರಿಗೆ ಒಯ್ದ. ಸೆಪ್ಟೆಂಬರ್ ಆರಂಭದಲ್ಲಿ ಜರ್ಮನ್ ಜನರಲ್ ಫಾನ್ ಕ್ಲುಕ್‌ನ ಸೈನ್ಯ ಪ್ಯಾರಿಸ್ಸನ್ನು ಪಶ್ಚಿಮದಿಂದ ಬಳಸದೆ ಅದರ ಪೂರ್ವಕ್ಕೆ ತಿರುಗಿತು. ಇದನ್ನು ಬ್ರಿಟಿಷ್ ಚಾಲಕರೂ ಫ್ರೆಂಚ್ ಚಾಲಕರೂ ಗುರುತಿಸಿದರು. ಆ ತಿರುವು ತೆರೆದಿಟ್ಟ ಪಕ್ಕೆಯ ಮೇಲೆ ಬಿದ್ದ ಪೆಟ್ಟೇ ಮಾರ್ನ್ ಕದನ. ಪಕ್ಕೆ ತೆರೆದಿದೆ ಎಂದು ಹೇಳಿದವರ ಹೆಸರಿಗಿಂತ ಪೆಟ್ಟು ಹಾಕಿಸಿದ ಜನರಲ್‌ಗಳ ಹೆಸರೇ ಇಂದಿಗೂ ಪಠ್ಯಪುಸ್ತಕಗಳಲ್ಲಿ ಇರುವುದು.

ಪದಕಗಳ ಏಣಿ

ಯುದ್ಧ ಆರಂಭವಾದಾಗ ಬ್ರಿಟಿಷ್ ಸೇನೆಯಲ್ಲಿ ಹಾರಾಟಕ್ಕೆಂದೇ ಮೀಸಲಾದ ಪದಕ ಒಂದೂ ಇರಲಿಲ್ಲ. ನೆಲದ ಸೈನಿಕರಿಗೆ ಇದ್ದ ಏಣಿಯನ್ನೇ ಆಕಾಶದವರೂ ಹತ್ತಬೇಕಿತ್ತು. ತುತ್ತತುದಿಯಲ್ಲಿ 1856ರಲ್ಲಿ ಹುಟ್ಟಿದ ವಿಕ್ಟೋರಿಯಾ ಕ್ರಾಸ್, ಇದಕ್ಕೆ ದರ್ಜೆಯ ಭೇದವಿಲ್ಲ. ಅದರ ಕೆಳಗೆ ಬರುತ್ತಿದ್ದಂತೆ ಏಣಿ ಎರಡಾಗಿ ಸೀಳುತ್ತದೆ. ಅಧಿಕಾರಿಗಳಿಗೆ 1886ರ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್, ಅಧಿಕಾರಿಗಳಲ್ಲದವರಿಗೆ 1854ರ ಡಿಸ್ಟಿಂಗ್ವಿಶ್ಡ್ ಕಂಡಕ್ಟ್ ಮೆಡಲ್. ಮೊದಲ ತಿಂಗಳುಗಳಲ್ಲೇ ಕಿರಿಯ ಅಧಿಕಾರಿಗಳ ಸಾಹಸದ ಕತೆಗಳು ರಾಶಿ ಬಿದ್ದವು, ಅವರಿಗೆಲ್ಲ ದೊಡ್ಡ ಗೌರವವನ್ನು ಹಂಚುವಂತಿರಲಿಲ್ಲ. ಅದಕ್ಕಾಗಿ 1914ರ ಡಿಸೆಂಬರ್ 28ರಂದು ಮಿಲಿಟರಿ ಕ್ರಾಸ್ ಬಂತು, ಕ್ಯಾಪ್ಟನ್ ಮತ್ತು ಅದಕ್ಕಿಂತ ಕಿರಿಯ ಅಧಿಕಾರಿಗಳಿಗೆ ಹಾಗೂ ವಾರಂಟ್ ಅಧಿಕಾರಿಗಳಿಗೆ. ಅದರ ಜೋಡಿಯಾಗಿ ಸಾಮಾನ್ಯ ಸೈನಿಕರ ಮಿಲಿಟರಿ ಮೆಡಲ್ 1916ರಲ್ಲಿ ಬಂತು. ಎಲ್ಲಕ್ಕಿಂತ ಕೆಳಗೆ ಪದಕವೇ ಇಲ್ಲದ ಗೌರವ ಒಂದಿತ್ತು: ದಂಡನಾಯಕನ ವರದಿಯಲ್ಲಿ ಹೆಸರು ಬರುವುದು.

ಹಾರಾಟದ್ದೇ ಆದ ಪದಕಗಳು ಬರಲು ಯುದ್ಧ ಮುಗಿಯುತ್ತ ಬರಬೇಕಾಯಿತು. 1918ರ ಏಪ್ರಿಲ್ 1ರಂದು ರಾಯಲ್ ಏರ್ ಫೋರ್ಸ್ ಪ್ರತ್ಯೇಕ ಪಡೆಯಾಯಿತು. ಅದೇ ಜೂನ್ 3ರಂದು ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಮತ್ತು ಅದರ ಮೂವರು ಒಡಹುಟ್ಟುಗಳನ್ನು ಘೋಷಿಸಲಾಯಿತು. ಇಲ್ಲೂ ಕ್ರಾಸ್ ಅಧಿಕಾರಿಗೆ, ಮೆಡಲ್ ಉಳಿದವರಿಗೆ ಎಂಬ ಪಂಕ್ತಿಭೇದ ಮುಂದುವರಿಯಿತು. ಆ ಭೇದ ಬ್ರಿಟನ್ನಿನಲ್ಲಿ ತೊಲಗಿದ್ದು 1993ರಲ್ಲಿ.

ಈ ಏಣಿಯಲ್ಲಿ ಇನ್ನೊಂದು ತೊಡಕಿತ್ತು. ಸತ್ತವರಿಗೆ ಶಿಫಾರಸು ಮಾಡಬಹುದಾದದ್ದು ತುತ್ತತುದಿ ಮತ್ತು ತೀರಾ ಕೆಳಗಿನದು ಮಾತ್ರ, ಅಂದರೆ ವಿಕ್ಟೋರಿಯಾ ಕ್ರಾಸ್ ಅಥವಾ ವರದಿಯಲ್ಲಿ ಹೆಸರು. ನಡುವಿನ ಮೆಟ್ಟಿಲುಗಳೆಲ್ಲ ಬದುಕಿದ್ದವರಿಗೆ. ನೆಲದಲ್ಲಿ ಹೋರಾಡುವವನ ಸುತ್ತ ಹತ್ತಾರು ಕಣ್ಣುಗಳಿರುತ್ತವೆ. ಶತ್ರುವಿನ ನೆಲದ ಮೇಲೆ ಮೂವತ್ತು ಕಿಲೋಮೀಟರ್ ಒಳಗೆ ಒಂದೇ ವಿಮಾನದಲ್ಲಿ ಹೋದ ಇಬ್ಬರು ಹಿಂದಿರುಗದಿದ್ದರೆ ಏನಾಯಿತೆಂದು ಹೇಳಲು ಯಾರಿದ್ದಾರೆ? ಅವರು ಏನು ಕಂಡರು, ಕಂಡ ಮೇಲೂ ಇನ್ನೊಂದು ಸುತ್ತು ಹಾಕಿದರೋ ಎಂಬುದೆಲ್ಲ ಅವರ ಜೊತೆಗೇ ಹೋಯಿತು. ಅಂಥವರ ಪಾಲಿಗೆ ಉಳಿದದ್ದು ಕಾಣೆಯಾದವರ ಪಟ್ಟಿಯಲ್ಲಿ ಒಂದು ಸಾಲು.

ಲಿಡೆಲ್‌ನ ಅರ್ಧ ಗಂಟೆ

ಬೇಹು ಹಾರಾಟಕ್ಕೂ ಶೌರ್ಯ ಪದಕಕ್ಕೂ ಇರುವ ಸಂಬಂಧವನ್ನು ಒಂದೇ ಪ್ರಕರಣದಲ್ಲಿ ನೋಡಬೇಕೆಂದರೆ ಕ್ಯಾಪ್ಟನ್ ಜಾನ್ ಐಡನ್ ಲಿಡೆಲ್‌ನ ಕತೆಗೇ ಬರಬೇಕು. ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರ ಓದಿದವನು, ಸ್ಕಾಟಿಷ್ ಪದಾತಿ ದಳದಲ್ಲಿದ್ದಾಗಲೇ ಮಿಲಿಟರಿ ಕ್ರಾಸ್ ಪಡೆದವನು. ಆಮೇಲೆ ವಿಮಾನಕ್ಕೆ ಬಂದ. 1915ರ ಜುಲೈ 31ರಂದು ಆರ್‌.ಇ.5 ಎಂಬ ಎರಡಾಸನದ ವಿಮಾನದಲ್ಲಿ ಆಸ್ಟೆಂಡ್, ಬ್ರೂಜ್, ಗೆಂಟ್ ಊರುಗಳ ಮೇಲೆ ಬೇಹಿಗೆ ಹೊರಟ. ವೀಕ್ಷಕನಾಗಿ ಸೆಕೆಂಡ್ ಲೆಫ್ಟಿನೆಂಟ್ ಪೆಕ್ ಜೊತೆಗಿದ್ದ. ನಡುದಾರಿಯಲ್ಲಿ ಗುಂಡೇಟು ಬಿದ್ದು ಲಿಡೆಲ್‌ನ ಬಲತೊಡೆಯ ಮೂಳೆ ಮುರಿಯಿತು. ಆತ ಪ್ರಜ್ಞೆ ತಪ್ಪಿದ. ವಿಮಾನ ಸುಮಾರು 900 ಮೀಟರ್ ಕೆಳಗೆ ಬಿತ್ತು.

ಬೀಳುತ್ತಿರುವಾಗಲೇ ಆತನಿಗೆ ಎಚ್ಚರವಾಯಿತು. ನಿಯಂತ್ರಣದ ಚಕ್ರ ಒಡೆದುಹೋಗಿತ್ತು. ಎಂಜಿನ್ನಿನ ವೇಗ ಹಿಡಿತದಲ್ಲಿಡುವ ಸನ್ನೆ ಪುಡಿಯಾಗಿತ್ತು. ನೆಲಕ್ಕಿಳಿಯಲು ಬೇಕಾದ ಗಾಲಿಗಳ ಆಸರೆಗಂಬಗಳಲ್ಲಿ ಒಂದು ಮುರಿದಿತ್ತು. ಹತ್ತಿರದಲ್ಲೇ ಇಳಿದಿದ್ದರೆ ಜೀವ ಉಳಿಯಬಹುದಿತ್ತು, ಆದರೆ ಅದು ಜರ್ಮನರ ನೆಲ. ಲಿಡೆಲ್ ಒಡೆದ ಚಕ್ರವನ್ನೇ ಹಿಡಿದು ಅರ್ಧ ಗಂಟೆ ಹಾರಿದ. ಕೆಳಗಿನಿಂದ ಗುಂಡು ನಿಲ್ಲಲಿಲ್ಲ. ಕೊನೆಗೆ ಬೆಲ್ಜಿಯನ್ನರ ವಶದಲ್ಲಿದ್ದ ಡೆ ಪಾನ್ ಎಂಬಲ್ಲಿಯ ಬಯಲಿಗೆ ಇಳಿಸಿದ. ಪೆಕ್‌ಗೆ ಒಂದು ಗಾಯವೂ ಆಗಿರಲಿಲ್ಲ. ಲಿಡೆಲ್‌ನನ್ನು ವಿಮಾನದಿಂದ ಎತ್ತುವಾಗ ತೆಗೆದ ಫೋಟೊ ಇದೆ, ಅದರಲ್ಲಿ ಆತ ನಗುತ್ತಿದ್ದಾನೆ. ವಿಕ್ಟೋರಿಯಾ ಕ್ರಾಸ್ ಆಗಸ್ಟ್ 23ರಂದು ಪ್ರಕಟವಾಯಿತು. ಅಷ್ಟರಲ್ಲಿ ಗಾಯಕ್ಕೆ ನಂಜೇರಿ ಕಾಲು ಕತ್ತರಿಸಿದ್ದರು. ಆಗಸ್ಟ್ 31ರಂದು ಆತ ತೀರಿಕೊಂಡ. ವಯಸ್ಸು 27.

ಈಗ ಆ ಪದಕದ ಒಕ್ಕಣೆಯನ್ನು ನಿಧಾನವಾಗಿ ಓದಿ. ಬೇಹಿಗೆ ಹೋಗಿದ್ದ ಎಂದು ಮೊದಲ ಮಾತಿನಲ್ಲಿ ಹೇಳುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಗಾಯ, ವಿಮಾನ, ವೀಕ್ಷಕನ ಪ್ರಾಣ. ಆಸ್ಟೆಂಡ್ ಮತ್ತು ಗೆಂಟ್ ನಡುವೆ ಅವರು ಏನು ಕಂಡರು ಎಂಬ ಬಗ್ಗೆ ಒಂದು ಅಕ್ಷರವಿಲ್ಲ. ಗುಟ್ಟು ಕಾಯುವ ಕಾರಣವೂ ಇರಬಹುದು, ಯುದ್ಧಕಾಲದ ಗೆಜೆಟ್‌ನಲ್ಲಿ ಅದನ್ನೆಲ್ಲ ಅಚ್ಚು ಹಾಕಿಸುವಂತಿಲ್ಲ. ಆದರೆ ಅದರ ಪರಿಣಾಮ ಮಾತ್ರ ವಿಚಿತ್ರ. ಬೇಹಿನ ಚಾಲಕನ ಶೌರ್ಯ ದಾಖಲೆಗೆ ಬರಬೇಕಾದರೆ ಏನಾದರೂ ಕೆಡಬೇಕು. ಹೋಗಿ, ಎಲ್ಲವನ್ನೂ ನೋಡಿ, ಶತ್ರುವಿನ ಗುಂಡು ಹತ್ತಿರ ಸುಳಿಯದಂತೆ ಜಾಣತನದಿಂದ ಹಾರಿ, ಸರಿಯಾದ ಸುದ್ದಿ ತಂದವನ ಬಗ್ಗೆ ಬರೆಯಲು ಹೆಚ್ಚೇನಿರುತ್ತದೆ? ಕೆಲಸ ಚೆನ್ನಾಗಿ ಆದಷ್ಟೂ ಕತೆ ಸಪ್ಪೆಯಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ವಿಮಾನದವರು 19 ಜನ. ಅವರಲ್ಲಿ ಮೊದಲಿಗ ವಿಲಿಯಂ ರೋಡ್ಸ್ ಮೂರ್‌ಹೌಸ್, 1915ರ ಏಪ್ರಿಲ್‌ನಲ್ಲಿ ಕೂರ್ತ್ರೆಯ ರೈಲು ಹಳಿಗೆ ಬಾಂಬ್ ಹಾಕಿದವನು. ಎರಡನೆಯವ ರೆಜಿನಾಲ್ಡ್ ವಾರ್ನ್‌ಫರ್ಡ್, ಜೆಪ್ಲಿನ್ ವಾಯುನೌಕೆಯನ್ನು ಸುಟ್ಟು ಬೀಳಿಸಿದವನು. ಉಳಿದವರಲ್ಲಿ ಹೆಚ್ಚಿನವರು ಕಾಳಗದ ಚಾಲಕರು. ಯುದ್ಧದ ಕೊನೆಗೆ, 1918ರ ಆಗಸ್ಟ್ 10ರಂದು ಕಾಲು ಹೆಚ್ಚುಕಡಿಮೆ ತುಂಡಾದರೂ ವಿಮಾನ ಇಳಿಸಿದ ಫರ್ಡಿನಂಡ್ ವೆಸ್ಟ್‌ನ ಒಕ್ಕಣೆಯಲ್ಲಿ ಮಾತ್ರ ನಾನು ಹುಡುಕುತ್ತಿದ್ದ ಮಾತು ಸಿಗುತ್ತದೆ: ಮೂರ್ಛೆ ತಿಳಿದೆದ್ದ ಕೂಡಲೇ ಆತ ತನ್ನ ವರದಿ ಬರೆಯಲು ಪಟ್ಟು ಹಿಡಿದನಂತೆ.

ಮುಂದಿನ ಆಸನ, ಹಿಂದಿನ ಆಸನ

ಒಂದೇ ವಿಮಾನ, ಒಂದೇ ಅಪಾಯ, ಬೇರೆ ಬೇರೆ ಪದಕ. ಇದು ಆ ಕಾಲದ ರೂಢಿ. 1915ರ ನವೆಂಬರ್ 7ರಂದು ಗಿಲ್ಬರ್ಟ್ ಇನ್ಸಾಲ್ ಮತ್ತು ಕಾರ್ಪೊರಲ್ ಥಾಮಸ್ ಡೊನಾಲ್ಡ್ ಜರ್ಮನ್ ವಿಮಾನವೊಂದನ್ನು ಕೆಡವಿ, ತಾವೂ ಪೆಟ್ಟು ತಿಂದು ಮುಂಚೂಣಿಯ ಹತ್ತಿರವೇ ಇಳಿದರು. ಶತ್ರುವಿನ ಫಿರಂಗಿಗಳ ಕಣ್ಣಿಗೆ ಬೀಳದಂತೆ ಮರೆ ಕಟ್ಟಿಕೊಂಡು ರಾತ್ರಿಯೆಲ್ಲ ವಿಮಾನ ರಿಪೇರಿ ಮಾಡಿ ಬೆಳಗಿನ ಜಾವ ಹಾರಿಬಂದರು. ಇನ್ಸಾಲ್‌ಗೆ ವಿಕ್ಟೋರಿಯಾ ಕ್ರಾಸ್, ಡೊನಾಲ್ಡ್‌ಗೆ ಡಿಸ್ಟಿಂಗ್ವಿಶ್ಡ್ ಕಂಡಕ್ಟ್ ಮೆಡಲ್. ಇದು ಅಧಿಕಾರಿ ಮತ್ತು ಸಿಪಾಯಿಯ ಭೇದ ಎಂದುಕೊಂಡರೆ, ಥಾಮಸ್ ಮಾಟರ್ಸ್‌ಹೆಡ್‌ನ ಪ್ರಕರಣ ಅದನ್ನು ತಲೆಕೆಳಗು ಮಾಡುತ್ತದೆ. 1917ರ ಜನವರಿ 7ರಂದು ಉರಿಯುತ್ತಿದ್ದ ವಿಮಾನವನ್ನು ಇಳಿಸಿದ ಆತ ಸಾರ್ಜೆಂಟ್, ಜೊತೆಗಿದ್ದ ವೀಕ್ಷಕ ಗೋವರ್ ಅಧಿಕಾರಿ. ವಿಕ್ಟೋರಿಯಾ ಕ್ರಾಸ್ ಸಾರ್ಜೆಂಟನಿಗೆ ಹೋಯಿತು, ಅಧಿಕಾರಿಗೆ ಮಿಲಿಟರಿ ಕ್ರಾಸ್. ಅಂದರೆ ಬ್ರಿಟಿಷರ ಕಣ್ಣಿನಲ್ಲಿ ವಿಮಾನ ನಡೆಸಿದವನದೇ ಮುಖ್ಯ ಪಾತ್ರ. ನೋಡುವುದಕ್ಕೆಂದೇ ಹೋದ ವಿಮಾನದಲ್ಲೂ ನೋಡುವವನು ಎರಡನೆಯವನು.

ಅವನ ಆಸನದ ಸ್ಥಿತಿಯೂ ಅಷ್ಟೇ. ಬಿ.ಇ.2ಸಿ ವಿಮಾನದಲ್ಲಿ ವೀಕ್ಷಕ ಚಾಲಕನ ಮುಂದೆ, ಎರಡು ರೆಕ್ಕೆಗಳ ನಡುವೆ, ಕಂಬ ತಂತಿಗಳ ಪಂಜರದಲ್ಲಿ ಕೂರುತ್ತಿದ್ದ. ಕೆಳಗೆ ನೋಡಲು ರೆಕ್ಕೆ ಅಡ್ಡ, ಗುಂಡು ಹಾರಿಸಲು ತಂತಿ ಅಡ್ಡ. ಪ್ಯಾರಾಶೂಟ್ ಬಲೂನಿನಲ್ಲಿ ಕೂತ ವೀಕ್ಷಕರಿಗಿತ್ತು, ವಿಮಾನದವರಿಗಿರಲಿಲ್ಲ.

ಜರ್ಮನಿಯಲ್ಲಿ ಇದೇ ಕತೆ ತಿರುಗುಮುರುಗು. ಅಲ್ಲಿ ಆರಂಭದಲ್ಲಿ ವೀಕ್ಷಕ ಅಧಿಕಾರಿಯಾಗಿರುತ್ತಿದ್ದ, ವಿಮಾನದ ಯಜಮಾನನೂ ಅವನೇ. ಚಾಲಕ ಬಹುಮಟ್ಟಿಗೆ ಕೆಳದರ್ಜೆಯವನು, ದೊರೆಯ ಕಾರು ಓಡಿಸುವವನ ಹಾಗೆ. ಸೈನಿಕರ ಹುಡುಗಾಟದ ಮಾತಿನಲ್ಲಿ ಚಾಲಕನಿಗೆ ಎಮಿಲ್, ವೀಕ್ಷಕನಿಗೆ ಫ್ರಾಂಜ್ ಎಂಬ ಅಡ್ಡಹೆಸರುಗಳಿದ್ದವು. ಪದಕವೆಂದರೆ ಮೊದಲು ಐರನ್ ಕ್ರಾಸ್, ಎರಡನೆಯ ದರ್ಜೆ ಮತ್ತು ಮೊದಲನೆಯ ದರ್ಜೆ. ಯುದ್ಧ ಮುಗಿಯುವಷ್ಟರಲ್ಲಿ ಎರಡನೆಯ ದರ್ಜೆಯದು ಸುಮಾರು 50 ಲಕ್ಷ ಎದೆಗಳನ್ನು ಸೇರಿತ್ತು, ಹಾಗಾಗಿ ಮೊದಲ ದರ್ಜೆಗೇ ಬೆಲೆ. 1915ರಲ್ಲಿ ವರ್ದುನ್ ಕೋಟೆಗಳ ಮೇಲೆ ಹಾರಿ ಚಿತ್ರ ತೆಗೆದು ತಂದ ಜೋಡಿಯೊಂದಕ್ಕೆ ಯುವರಾಜನೇ ಆ ಪದಕ ಕೊಟ್ಟ. ಚಾಲಕ ಬ್ರೂನೊ ಲೋರ್ಜರ್, ವೀಕ್ಷಕ ಹರ್ಮನ್ ಗೋರಿಂಗ್. ಹೌದು, ಮುಂದೆ ಹಿಟ್ಲರನ ಬಲಗೈಯಾದ ಅದೇ ಗೋರಿಂಗ್. ಆತ ಹೆಸರು ಮಾಡಿದ ಮೊದಲ ಕೆಲಸ ಕ್ಯಾಮೆರಾ ಹಿಡಿದದ್ದು.

ಎಣಿಸಬಹುದಾದದ್ದು, ಎಣಿಸಲಾಗದ್ದು

1915ರ ನಡುವಿನಲ್ಲಿ ಜರ್ಮನರು ಮುಂದಿನ ಪಂಕಾದ ಎಲೆಗಳಿಗೆ ತಾಗದಂತೆ ಗುಂಡು ಹಾರಿಸುವ ಮಷಿನ್ ಗನ್ ಕೂರಿಸಿದ ಫೋಕರ್ ವಿಮಾನಗಳನ್ನು ತಂದರು. ಪದಕಗಳ ಲೋಕವೂ ಅಲ್ಲಿಂದ ಬದಲಾಯಿತು. 1916ರ ಜನವರಿ 12ರಂದು ಓಸ್ವಾಲ್ಡ್ ಬೋಲ್ಕೆ ಮತ್ತು ಮ್ಯಾಕ್ಸ್ ಇಮ್ಮೆಲ್‌ಮನ್ ಪ್ರಷ್ಯಾದ ಅತ್ಯುಚ್ಚ ಗೌರವವಾದ ಪೂರ್ ಲ ಮೆರಿಟ್ ಪಡೆದರು. ಇಬ್ಬರೂ ತಲಾ ಎಂಟು ವಿಮಾನ ಕೆಡವಿದ್ದರು. ಎಂಟು ಎಂಬುದು ಅಳತೆಗೋಲಾಯಿತು. ಮುಂದಿನ ವರ್ಷದ ಹೊತ್ತಿಗೆ ಅದು ಹದಿನಾರಕ್ಕೇರಿತು, ಆಮೇಲೆ ಇನ್ನೂ ಮೇಲಕ್ಕೆ. ಮ್ಯಾನ್‌ಫ್ರೆಡ್ ಫಾನ್ ರಿಖ್ಟ್‌ಹೋಫನ್‌ಗೆ 1917ರ ಜನವರಿ 12ರಂದು ಅದೇ ಗೌರವ ಸಿಕ್ಕಾಗ ಆತನ ಲೆಕ್ಕ ಹದಿನಾರು. ಪತ್ರಿಕೆಗಳಿಗೂ ಅಂಕಿ ಬೇಕಿತ್ತು. ಕ್ರಿಕೆಟ್ ಸ್ಕೋರು ಕೇಳಿದಂತೆ ಜನ ಈ ಚಾಲಕರ ಲೆಕ್ಕ ಕೇಳತೊಡಗಿದರು. ಬೇಹಿನ ವೀಕ್ಷಕರಿಗೂ ಆ ಪದಕ ಸಿಕ್ಕಿತು, ಆದರೆ 1917ರಿಂದೀಚೆಗೆ, ನೂರಾರು ಹಾರಾಟಗಳ ನಂತರ, ಕೈಬೆರಳೆಣಿಕೆಯಷ್ಟು ಮಂದಿಗೆ.

ಇದರಲ್ಲೊಂದು ಕ್ರೂರ ಲೆಕ್ಕಾಚಾರ ಅಡಗಿದೆ. ಕಾಳಗದ ಚಾಲಕರು ಕೆಡವಿದ ವಿಮಾನಗಳಲ್ಲಿ ಯಾರಿದ್ದರು? ಎಷ್ಟೋ ಸಲ ನಿಧಾನವಾಗಿ, ನೇರವಾಗಿ, ಒಂದೇ ಎತ್ತರದಲ್ಲಿ ಹಾರಲೇಬೇಕಾದ ಎರಡಾಸನದವರು. ಫೋಟೊ ತೆಗೆಯುವಾಗ ಅತ್ತಿತ್ತ ಹೊರಳಿದರೆ ಚಿತ್ರ ಕೆಡುತ್ತದೆ, ಆದ್ದರಿಂದ ಗುಂಡು ಬರುತ್ತಿದ್ದರೂ ಗೆರೆ ಹಿಡಿದಂತೆ ಹಾರಬೇಕು. ರಿಖ್ಟ್‌ಹೋಫನ್‌ನ 80 ವಿಜಯಗಳಲ್ಲಿ ದೊಡ್ಡ ಪಾಲು ಇಂಥ ಎರಡಾಸನದ ವಿಮಾನಗಳದ್ದೇ. 1916ರ ಜನವರಿ 14ರಂದು ಬ್ರಿಟಿಷ್ ಪ್ರಧಾನ ಕಚೇರಿ ಪ್ರತಿಯೊಂದು ಬೇಹು ವಿಮಾನದ ಜೊತೆಗೂ ಕನಿಷ್ಠ ಮೂರು ಕಾವಲು ವಿಮಾನಗಳು ಹೋಗಬೇಕೆಂದು ಆಜ್ಞೆ ಹೊರಡಿಸಿತು. ಅದೂ ಸಾಲಲಿಲ್ಲ. 1917ರ ಏಪ್ರಿಲ್ ಒಂದೇ ತಿಂಗಳಲ್ಲಿ, ಅರಾಸ್ ದಾಳಿಗೆ ಚಿತ್ರ ತೆಗೆಯುತ್ತ, ಫಿರಂಗಿಗಳಿಗೆ ಗುರಿ ತೋರಿಸುತ್ತ, ಫ್ಲೈಯಿಂಗ್ ಕೋರ್ 245 ವಿಮಾನಗಳನ್ನು ಕಳೆದುಕೊಂಡಿತು. 211 ಮಂದಿ ಸತ್ತರು ಅಥವಾ ಕಾಣೆಯಾದರು, 108 ಮಂದಿ ಸೆರೆಯಾದರು. 1914ರ ಆಗಸ್ಟ್ 13ರಂದು ಯುದ್ಧಕ್ಕಾಗಿ ಫ್ರಾನ್ಸಿನಲ್ಲಿ ಇಳಿದ ಬ್ರಿಟಿಷ್ ವಿಮಾನಗಳಲ್ಲಿ ಮೊದಲನೆಯದನ್ನು ತಂದಿದ್ದ ಹ್ಯೂಬರ್ಟ್ ಹಾರ್ವೆ ಕೆಲ್ಲಿಯನ್ನೂ ಆ ಏಪ್ರಿಲ್ ಬಿಡಲಿಲ್ಲ. ಆತನೂ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ ಪಡೆದವನು.

ಭಾರತೀಯರಿಗೆ ಈ ಪಡೆಯಲ್ಲಿ ಚಾಲಕರಾಗಿ ಪ್ರವೇಶ ಸಿಕ್ಕಿದ್ದೇ 1917ರಲ್ಲಿ, ಅದೂ ನಾಲ್ಕಾರು ಮಂದಿಗೆ. ಅವರಲ್ಲಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪಡೆದ ಮೊದಲ ಭಾರತೀಯ ಬಂಗಾಳದ ಇಂದ್ರಲಾಲ್ ರಾಯ್ ಕಾಳಗದ ಚಾಲಕ. 1918ರ ಜುಲೈನ ಎರಡು ವಾರದೊಳಗೆ ಹತ್ತು ವಿಜಯ, ಜುಲೈ 22ರಂದು ಸಾವು, ಸೆಪ್ಟೆಂಬರ್‌ನಲ್ಲಿ ಗೆಜೆಟ್. ಇಲ್ಲೂ ಮಾತನಾಡಿದ್ದು ಅಂಕಿಯೇ.

ಅಂಕಿಗೆ ಸಿಗದ ಕೆಲಸ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಭಾರತೀಯ ಸೈನಿಕರು ಹೋರಾಡಿದ ಕದನವೊಂದು ಸಾಕ್ಷಿ. 1915ರ ಮಾರ್ಚ್ 10ರ ನ್ಯೂವ್ ಶಾಪೆಲ್ ದಾಳಿಗೆ ಮುನ್ನ ವಿಮಾನದಿಂದ ತೆಗೆದ ಚಿತ್ರಗಳನ್ನು ಜೋಡಿಸಿ ಜರ್ಮನ್ ಖಂದಕಗಳ ನಕ್ಷೆಯನ್ನೇ ಬರೆಯಲಾಯಿತು. ನೆಲದ ಸೇನೆಯ ಒಂದೊಂದು ಕೋರ್‌ಗೂ, ಅಂದರೆ ಹಲವು ಡಿವಿಜನ್‌ಗಳು ಸೇರಿದ ಪಡೆಗೂ, ಅದರ 1,500 ಪ್ರತಿಗಳನ್ನು ಹಂಚಿದರು. ಶತ್ರುವಿನ ಕಂದಕದ ತಿರುವುಮುರುವುಗಳನ್ನು ಕೈಯಲ್ಲಿ ಹಿಡಿದುಕೊಂಡು ಪದಾತಿಗಳು ನುಗ್ಗಿದ್ದು ಆ ದಿನ. ಗಢವಾಲ್ ರೈಫಲ್ಸ್‌ನ ಗಬ್ಬರ್ ಸಿಂಗ್ ನೇಗಿಗೆ ಆ ಕದನದಲ್ಲಿ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು, ಅದು ಸಲ್ಲಲೇಬೇಕಾದ ಗೌರವ. ನಕ್ಷೆಗೆ ಬೇಕಾದ ಚಿತ್ರ ತೆಗೆದವರಲ್ಲಿ ಆ ಕೆಲಸಕ್ಕೆಂದು ಯಾರಿಗೂ ಆ ಪದಕ ಬರಲಿಲ್ಲ.

ಸುದ್ದಿ ಬಾರದಿದ್ದರೆ, ತಪ್ಪಿ ಬಂದರೆ

ಬೇಹಿನವನ ಬೆಲೆ ನಿಜವಾಗಿ ಗೊತ್ತಾಗುವುದು ಆತ ಹಿಂದಿರುಗದ ದಿನ. 1915ರ ನವೆಂಬರ್‌ನಲ್ಲಿ ಜನರಲ್ ಟೌನ್ಸೆಂಡ್ ಪುಣೆ ಡಿವಿಜನ್ ಎಂದು ಹೆಸರಾದ ಭಾರತೀಯ ಸೇನೆಯ ಆರನೆಯ ಡಿವಿಜನ್ನನ್ನು ಬಾಗ್ದಾದಿನ ಕಡೆಗೆ ನಡೆಸಿದ್ದ. ಟೆಸಿಫಾನ್ ಎಂಬಲ್ಲಿ ತುರ್ಕರು ಕಾದಿದ್ದರು. ಕದನದ ಹಿಂದಿನ ದಿನ, ನವೆಂಬರ್ 21ರಂದು, ಮೇಜರ್ ರೈಲಿ ಎಂಬ ಚಾಲಕ ಹಾರಿಹೋಗಿ ಶತ್ರುವಿನ ಹಿಂದೆ ಹೊಸ ಬದಲಾವಣೆಗಳನ್ನು ಕಂಡ. ಅದನ್ನು ಹೇಳಲು ಹಿಂದಿರುಗುವಾಗ ನೆಲದ ಗುಂಡಿಗೆ ಎಂಜಿನ್ ಕೆಟ್ಟು ಇಳಿದ, ಗುರುತು ಹಾಕಿದ ನಕ್ಷೆಯ ಸಮೇತ ಸೆರೆಯಾದ. ಟೌನ್ಸೆಂಡ್ ಏನೂ ತಿಳಿಯದೆ ಮರುದಿನ ದಾಳಿ ಮಾಡಿದ. ಸುಮಾರು 4,500 ಮಂದಿ ಸತ್ತರು ಅಥವಾ ಗಾಯಗೊಂಡರು. ಉಳಿದವರು ಕೂತ್ ಊರಿಗೆ ಹಿಮ್ಮೆಟ್ಟಿ ಮುತ್ತಿಗೆಗೆ ಸಿಕ್ಕರು. 1916ರ ಏಪ್ರಿಲ್ 29ರಂದು ಶರಣಾದರು. ಆ ಒಂದು ಸುದ್ದಿ ತಲುಪಿದ್ದರೆ ಎಲ್ಲವೂ ಬದಲಾಗುತ್ತಿತ್ತೆಂದು ಹೇಳಲಾರೆ. ಟೌನ್ಸೆಂಡ್ ಆದರೂ ಒಂದು ದಿನ ಯೋಚಿಸುತ್ತಿದ್ದನೇನೋ.

ಸುದ್ದಿ ತಪ್ಪಾಗಿ ಬಂದದ್ದಕ್ಕೆ ನಮ್ಮ ಮೈಸೂರಿನದೇ ಉದಾಹರಣೆ ಇದೆ. 1918ರ ಸೆಪ್ಟೆಂಬರ್ 22ರಂದು ಹೈಫಾ ನಗರವನ್ನು ತುರ್ಕರು ಖಾಲಿ ಮಾಡಿದ್ದಾರೆ ಎಂದು ವಿಮಾನದಿಂದ ವರದಿ ಬಂತು. ಬ್ರಿಗೇಡಿಯರ್ ಜನರಲ್ ಕಿಂಗ್ ಎಂಬಾತ ಊರನ್ನು ವಶಕ್ಕೆ ತೆಗೆದುಕೊಳ್ಳಲೆಂದು ರೋಲ್ಸ್ ರಾಯ್ಸ್ ಕಾರಿನಲ್ಲಿ ಕವಚದ ಕಾರುಗಳ ಜೊತೆ ಹೊರಟ. ದಾರಿಯಲ್ಲಿ ಕರಾರುವಾಕ್ಕಾದ ಫಿರಂಗಿ ಗುಂಡುಗಳ ಸ್ವಾಗತ ಸಿಕ್ಕಿತು. ಊರು ಖಾಲಿಯಾಗಿರಲಿಲ್ಲ. ಮರುದಿನ ಆ ಕೆಲಸ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳ ಪಾಲಿಗೆ ಬಂತು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಹಾದುಹೋಗುವಾಗ ಆ ವಿಮಾನದ ವರದಿ ನನಗೆ ನೆನಪಾಗುತ್ತದೆ. ಬೇಹಿನ ಕೆಲಸ ಕುದುರೆಯಿಂದ ವಿಮಾನಕ್ಕೆ ಹೋಗಿದ್ದೇನೋ ನಿಜ, ವಿಮಾನದ ತಪ್ಪನ್ನು ತಿದ್ದಲು ಮತ್ತೆ ಕುದುರೆಯೇ ಬೇಕಾಯಿತು.

ಇಪ್ಪತ್ತೊಂದು ವರ್ಷಗಳ ನಂತರ

ಎರಡನೆಯ ಮಹಾಯುದ್ಧ ಆರಂಭವಾದಾಗ ಹಾರಾಟದ ಪದಕ ಸಿದ್ಧವಾಗಿತ್ತು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿದ ಸ್ವಲ್ಪ ಹೊತ್ತಿಗೆಲ್ಲ ವೈಟನ್ ನೆಲೆಯಿಂದ ಒಂದು ಬ್ಲೆನ್‌ಹೈಮ್ ವಿಮಾನ ಜರ್ಮನ್ ನೌಕಾನೆಲೆ ವಿಲ್‌ಹೆಲ್ಮ್ಸ್‌ಹಾಫೆನ್ ಕಡೆಗೆ ಹೊರಟಿತು. ಚಾಲಕ ಫ್ಲೈಯಿಂಗ್ ಆಫೀಸರ್ ಆಂಡ್ರ್ಯೂ ಮೆಕ್‌ಫರ್ಸನ್. ಜೊತೆಗೆ ನೌಕಾಪಡೆಯ ಕಮಾಂಡರ್ ಥಾಮ್ಸನ್, ರೇಡಿಯೊ ನೋಡಿಕೊಳ್ಳಲು ಕಾರ್ಪೊರಲ್ ಆರೋಸ್ಮಿತ್. 24,000 ಅಡಿ ಎತ್ತರದಿಂದ ನೌಕೆಗಳನ್ನು ಕಂಡರು, ಚಿತ್ರ ತೆಗೆದರು. ಸುದ್ದಿ ಕಳಿಸೋಣವೆಂದರೆ ಚಳಿಗೆ ರೇಡಿಯೊ ಹೆಪ್ಪುಗಟ್ಟಿತ್ತು. ಹಿಂದಿರುಗಿ ಇಳಿದ ಮೇಲೆಯೇ ಹೇಳಬೇಕಾಯಿತು, ಮಾತು 1914ಕ್ಕೇ ಹೋದ ಹಾಗೆ. ಮರುದಿನ ಮೆಕ್‌ಫರ್ಸನ್ ಮತ್ತೆ ಹೋದ. ಕೆಟ್ಟ ಹವೆಯಲ್ಲಿ ಶತ್ರುವಿನ ತೀರದ ಹತ್ತಿರ ತೀರಾ ಕೆಳಗೆ ಹಾರಿ ನೋಡಿಬಂದ.

ಅಕ್ಟೋಬರ್ 10ರಂದು ಆ ಯುದ್ಧದ ಮೊದಲ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್‌ಗಳು ಗೆಜೆಟ್‌ನಲ್ಲಿ ಪ್ರಕಟವಾದವು. ಅವುಗಳಲ್ಲೊಂದು ಮೆಕ್‌ಫರ್ಸನ್‌ನದು, ಇನ್ನೊಂದು ಆತ ತಂದ ಸುದ್ದಿಯ ಮೇಲೆ ದಾಳಿ ನಡೆಸಿದ ಕೆನೆತ್ ಡೋರನ್‌ನದು. ನವೆಂಬರ್ 2ರಂದು ಆರನೆಯ ಜಾರ್ಜ್ ದೊರೆ ವೈಟನ್‌ಗೇ ಬಂದು ಪದಕ ತೊಡಿಸಿದ. ನೋಡಿದವನೂ ಹೊಡೆದವನೂ ಒಂದೇ ಸಾಲಿನಲ್ಲಿ, ಒಂದೇ ಪದಕದೊಂದಿಗೆ. ಲಿಡೆಲ್‌ನ ಒಕ್ಕಣೆಯಲ್ಲಿ ಇಲ್ಲದ ಮಾತು ಮೆಕ್‌ಫರ್ಸನ್‌ನದರಲ್ಲಿ ಇದೆ. ಈ ಹಾರಾಟಗಳಿಂದಲೇ ಶತ್ರು ನೌಕೆಗಳ ಮೇಲಿನ ದಾಳಿ ಸಫಲವಾಗಲು ಸಾಧ್ಯವಾಯಿತು ಎಂದು ಅದು ಹೇಳುತ್ತದೆ.

ಸೆಪ್ಟೆಂಬರ್ 4ರ ಆ ದಾಳಿಯಲ್ಲಿ ಬ್ರಿಟಿಷರು ಏಳು ವಿಮಾನಗಳನ್ನು ಕಳೆದುಕೊಂಡರು. ಅಡ್ಮಿರಲ್ ಶೇರ್ ನೌಕೆಗೆ ತಗುಲಿದ ಬಾಂಬುಗಳು ಸಿಡಿಯದೆ ಪುಟಿದು ಬಿದ್ದವು. ಮೆಕ್‌ಫರ್ಸನ್ 1940ರ ಮೇ 12ರಂದು ಬೆಲ್ಜಿಯಂ ಕಡೆಯ ಹಾರಾಟದಲ್ಲಿ ಸತ್ತ. ಆ ದಿನ ಆತನನ್ನು ನೋಡಿಬರಲು ಕಳಿಸಿರಲಿಲ್ಲ, ಬಾಂಬ್ ಹಾಕಲು ಕಳಿಸಿದ್ದರು.